ಪರವೂರಿನ ದೆವ್ವ

ಪರವೂರಿನ ದೆವ್ವಕ್ಕೆ ಹೆದರಿದವರನ್ನು ನಾನಂತೂ ಕಂಡಿಲ್ಲ. ದೆವ್ವಗಳಿಗೂ ಸರಹದ್ದು ಇರುತ್ತದೆ. ನಮ್ಮ ಕಾಲದಲ್ಲಿ ಡ್ರಾಕುಲಾ ಸಿನಿಮಾ ಬಂದರೆ ಎರಡನೇ ಆಟಕ್ಕೇ ಹೋಗಬೇಕೆಂಬ ಹಟವಿತ್ತು. ಪರದೆಯ ಮೇಲೆ ಕ್ರಿಸ್ಟೋಫರ್ ಲೀ ಕೋರೆಹಲ್ಲು ತೋರಿಸಿದಾಗ ಮುಂದಿನ ಸೀಟಿನ ಬೆನ್ನು ಹಿಡಿದು ಕೂತವರೇ, ಆಟ ಬಿಟ್ಟ ಮೇಲೆ ಅವನನ್ನು ಥಿಯೇಟರಿನಲ್ಲೇ ಬಿಟ್ಟು, ಬೀಡಾ ಜಗಿಯುತ್ತ, ಅವನ ನಡಿಗೆಯನ್ನು ಅಣಕಿಸುತ್ತ ಹೊರಡುತ್ತಿದ್ದರು. ಎದೆ ಹೊಡೆದುಕೊಳ್ಳುತ್ತಿದ್ದದ್ದು ಕೆರೆ ಏರಿಯ ಹುಣಸೆಮರ ಹತ್ತಿರವಾದಾಗ. ಟ್ರಾನ್ಸಿಲ್ವೇನಿಯಾದ ಕೌಂಟ್‌ಗೆ ನಮ್ಮ ವಿಳಾಸ ಗೊತ್ತಿರಲಿಲ್ಲ. ಹುಣಸೆಮರದಲ್ಲಿದ್ದದ್ದಕ್ಕೆ ನಮ್ಮ ತಾತನ ಹೆಸರು ಗೊತ್ತಿತ್ತು. ತಾತ ಯಾರಿಗೆ ಎಷ್ಟು ಬಾಕಿ ಉಳಿಸಿಕೊಂಡು ಹೋದ ಎಂಬುದೂ ಗೊತ್ತಿತ್ತು.

ಇದೆಲ್ಲ ತಲೆಗೆ ಬಂದದ್ದು ನನ್ನ ತಂಗಿಯ ಮಗಳಿಂದ. ಹಗಲು ಪಿಯುಸಿಯ ಜೀವಶಾಸ್ತ್ರ ಓದುತ್ತಾಳೆ, ರಾತ್ರಿ ದಪ್ಪ ದಪ್ಪ ವ್ಯಾಂಪೈರ್ ಕಾದಂಬರಿ ಓದುತ್ತಾಳೆ. ಎರಡರಲ್ಲೂ ರಕ್ತದ ವಿಷಯವೇ ಇರುವುದರಿಂದ ಅವಳಮ್ಮನ ತಕರಾರಿಲ್ಲ. ಒಂದು ದಿನ ಊಟದ ನಡುವೆ ಕೇಳಿದಳು:

"ಮಾವ, ವ್ಯಾಂಪೈರ್ ನಿಜವಾಗ್ಲೂ ಇದಾವಾ?"

"ನಿನ್ನ ಪುಸ್ತಕ ಏನನ್ನತ್ತೆ?"

"ಇದಾವೆ ಅನ್ನತ್ತೆ. ಬಿಸಿಲಿಗೆ ಬಂದ್ರೆ ಅವುಗಳ ಮೈ ಫಳಫಳ ಹೊಳೆಯತ್ತಂತೆ."

ನನಗೆ ಸಣ್ಣ ಆಘಾತವೇ ಆಯಿತು. ನಾವು ಕಂಡ ವ್ಯಾಂಪೈರ್ ಬಿಸಿಲು ತಾಗಿದರೆ ಬೂದಿಯಾಗುತ್ತಿದ್ದ. ಆ ವಿದ್ಯೆಯನ್ನು ಅವನು ಕಲಿತದ್ದು 1922ರ 'ನೊಸ್ಫೆರಾಟು' ಎಂಬ ಜರ್ಮನ್ ಮೂಕಿಚಿತ್ರದಲ್ಲಿ. ಅದಕ್ಕೂ ಮುಂಚೆ, 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ ಡ್ರಾಕುಲಾ ಹಾಡಹಗಲೇ ಲಂಡನ್ನಿನ ಬೀದಿಯಲ್ಲಿ ಓಡಾಡುತ್ತಾನೆ. ಹಗಲು ಅವನ ಶಕ್ತಿ ಕುಂದುತ್ತದೆ, ಅಷ್ಟೇ. ಅಂದರೆ ನೂರು ಚಿಲ್ಲರೆ ವರ್ಷಗಳಲ್ಲಿ ಬಿಸಿಲಿನ ವಿಚಾರವೊಂದರಲ್ಲೇ ಮೂರು ಕಾನೂನು. ಮೊದಲು ಓಡಾಡಬಹುದಿತ್ತು, ಆಮೇಲೆ ಸುಟ್ಟುಹೋಗಬೇಕಾಯಿತು, ಈಗ ಹೊಳೆಯಬೇಕು. ನಿಜವಾಗಿ ಇರುವ ಪ್ರಾಣಿಗಳು ಬರೆಯುವವರ ಮಾತನ್ನು ಇಷ್ಟೊಂದು ಕೇಳುವುದಿಲ್ಲ. ಹಸು ಯಾರ ಕಾದಂಬರಿಯಲ್ಲಿ ಬಂದರೂ ಹುಲ್ಲನ್ನೇ ತಿನ್ನುತ್ತದೆ.

ಇದನ್ನೇ ಹೇಳಿ ಕೈತೊಳೆಯಬಹುದಿತ್ತು. ಆದರೆ ಕಾದಂಬರಿಯ ವ್ಯಾಂಪೈರ್‌ಗಿಂತ ಹಿರಿಯನೊಬ್ಬನಿದ್ದಾನೆ. ಅವನು ಸರ್ಕಾರಿ ಕಡತದ ವ್ಯಾಂಪೈರ್.

1718ರಲ್ಲಿ ತುರ್ಕರಿಗೂ ಆಸ್ಟ್ರಿಯಾದ ಹಾಬ್ಸ್‌ಬರ್ಗ್ ದೊರೆಗಳಿಗೂ ಒಪ್ಪಂದವಾಗಿ, ಸರ್ಬಿಯಾದ ಉತ್ತರ ಭಾಗ ಆಸ್ಟ್ರಿಯಾದ ಕೈಗೆ ಬಂತು. ಹೊಸ ಸೀಮೆ ಬಂತೆಂದರೆ ಹೊಸ ಅಧಿಕಾರಿಗಳು, ಹೊಸ ವರದಿಗಳು. 1725ರಲ್ಲಿ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ಪೆಟಾರ್ ಬ್ಲಾಗೊಯೆವಿಚ್ ಎಂಬ ರೈತ ಸತ್ತ. ಅವನನ್ನು ಹೂತ ಮೇಲೆ ಎಂಟು ದಿನದೊಳಗೆ ಒಂಬತ್ತು ಜನ ಸತ್ತರು. ಪೆಟಾರ್ ನಿದ್ದೆಯಲ್ಲಿ ಬಂದು ಮೈಮೇಲೆ ಬಿದ್ದು ಕತ್ತು ಹಿಚುಕಿದನೆಂದು ಸಾಯುವವರೇ ಹೇಳಿದ್ದರಂತೆ. ಅವನ ಹೆಂಡತಿಯ ದೂರು ಇನ್ನೂ ಸ್ವಾರಸ್ಯದ್ದು: ಸತ್ತ ಗಂಡ ಮನೆಗೆ ಬಂದು ತನ್ನ ಚಪ್ಪಲಿ ಕೇಳಿದ. ಆಕೆ ಊರನ್ನೇ ಬಿಟ್ಟು ಹೋದಳು. ರಕ್ತ ಹೀರಲು ಬಂದ ಗಂಡನನ್ನು ಹೇಗೋ ಸುಧಾರಿಸಬಹುದು, ಸತ್ತ ಮೇಲೂ "ನನ್ನ ಚಪ್ಪಲಿ ಎಲ್ಲಿಟ್ಟೆ" ಎಂದು ಕೇಳುವ ಗಂಡನನ್ನು ಸಹಿಸುವುದಾಗುವುದಿಲ್ಲ ಎಂಬುದು ನನ್ನ ಹೆಂಡತಿಯ ತೀರ್ಪು.

ಆ ಸೀಮೆಯ ಅಧಿಕಾರಿಯ ಹೆಸರು ಫ್ರೊಂಬಾಲ್ಡ್. ಗೋರಿ ಅಗೆಯಬೇಕು, ನೀವೂ ಬನ್ನಿ ಎಂದು ಊರವರು ಅವನನ್ನು ಹಿಡಿದುಕೊಂಡರು. ಎಲ್ಲ ಅಧಿಕಾರಿಗಳ ಹಾಗೆ ಅವನೂ ಮೇಲಿನವರ ಅಪ್ಪಣೆ ತರಿಸುತ್ತೇನೆ ಎಂದ. ಬೆಲ್‌ಗ್ರೇಡಿನಿಂದ ಉತ್ತರ ಬರುವ ಹೊತ್ತಿಗೆ ಊರಲ್ಲಿ ಯಾರೂ ಉಳಿದಿರುವುದಿಲ್ಲ, ಬೇಕಾದರೆ ಈಗಲೇ ಊರು ಖಾಲಿ ಮಾಡುತ್ತೇವೆ ಎಂದರು ಜನ. ಫ್ರೊಂಬಾಲ್ಡ್ ಪಾದ್ರಿಯ ಜೊತೆ ಹೋಗಿ ನೋಡಿದ. ಹೆಣ ಕೆಟ್ಟಿರಲಿಲ್ಲ, ಗಡ್ಡವೂ ಉಗುರೂ ಬೆಳೆದಂತಿದ್ದವು, ಬಾಯಲ್ಲಿ ಹಸಿ ರಕ್ತವಿತ್ತು. ಜನ ಎದೆಗೆ ಗೂಟ ಹೊಡೆದು ಹೆಣವನ್ನು ಸುಟ್ಟರು. ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದ ಫ್ರೊಂಬಾಲ್ಡ್ ಕೊನೆಗೊಂದು ಷರಾ ಸೇರಿಸಿದ. ಇದರಲ್ಲಿ ಏನಾದರೂ ತಪ್ಪಾಗಿದ್ದರೆ ಅದರ ಹೊಣೆ ತನ್ನದಲ್ಲ, ಹೆದರಿ ತಲೆಕೆಟ್ಟ ಜನರದು ಎಂಬುದು ಅದರ ಸಾರಾಂಶ. ಆ ವರ್ಷದ ಜುಲೈನಲ್ಲಿ ವಿಯೆನ್ನಾದ ಪತ್ರಿಕೆ ಆ ವರದಿಯನ್ನು ಅಚ್ಚು ಹಾಕಿತು. ಮುನ್ನೂರು ವರ್ಷ ಕಳೆದರೂ ಆ ಷರಾ ಓದಿದರೆ ನಮ್ಮ ತಾಲ್ಲೂಕು ಕಚೇರಿಯಲ್ಲೇ ನಿಂತಂತಾಗುತ್ತದೆ.

ಏಳು ವರ್ಷದ ಮೇಲೆ ಮೆದ್ವೆಜಾ ಎಂಬ ಇನ್ನೊಂದು ಹಳ್ಳಿಯಲ್ಲಿ ಇದೇ ಗಲಾಟೆ. ಹುಲ್ಲಿನ ಗಾಡಿಯಿಂದ ಬಿದ್ದು ಕತ್ತು ಮುರಿದುಕೊಂಡು ಸತ್ತಿದ್ದ ಅರ್ನೌಟ್ ಪಾವ್ಲೆ ಎಂಬವನಿಂದ ಶುರುವಾದ ಸರಣಿ ಅದು ಎಂದು ಊರವರ ಲೆಕ್ಕ. ಈ ಸಲ ಸೇನೆಯ ಸರ್ಜನ್ ಯೋಹಾನೆಸ್ ಫ್ಲೂಕಿಂಗರ್‌ನೇ ಬಂದ. 1732ರ ಜನವರಿಯಲ್ಲಿ ಗೋರಿಗಳನ್ನು ಒಂದೊಂದಾಗಿ ತೆಗೆಸಿ, ಯಾವ ಹೆಣ ಕೆಟ್ಟಿದೆ, ಯಾವುದು ಕೆಟ್ಟಿಲ್ಲ ಎಂದು ಪಟ್ಟಿ ಮಾಡಿದ. ಅವನ ಪಟ್ಟಿಯಲ್ಲಿ ಮಿಲಿತ್ಸಾ ಎಂಬ 60 ವರ್ಷದ ಹೆಂಗಸು ಬರುತ್ತಾಳೆ. ಜೀವಮಾನವಿಡೀ ಕಡ್ಡಿಯ ಹಾಗಿದ್ದವಳು ಗೋರಿಯೊಳಗೆ ಮೈಕೈ ತುಂಬಿಕೊಂಡಿದ್ದಾಳಲ್ಲ ಎಂದು ಅವಳನ್ನು ಬಲ್ಲವರು ಬೆರಗಾದರಂತೆ. ಪಾಪ, ಬದುಕಿದ್ದಾಗ ಅವಳಿಗೆ ಹೊಟ್ಟೆತುಂಬ ಸಿಕ್ಕಿತ್ತೋ ಇಲ್ಲವೋ. ಸತ್ತ ಮೇಲೆ ದಪ್ಪಗಾದಳೆಂದು ತಲೆ ಕತ್ತರಿಸಿ, ಸುಟ್ಟು, ಬೂದಿಯನ್ನು ಮೊರಾವಾ ನದಿಗೆ ಸುರಿದರು. ಕ್ರಮವಾಗಿ ಕೊಳೆತಿದ್ದ ಹೆಣಗಳನ್ನು ಮಾತ್ರ ಗೌರವದಿಂದ ವಾಪಸು ಹೂತರು. ವರದಿಗೆ ಸರ್ಜನ್ನರೂ ಸೇನಾಧಿಕಾರಿಗಳೂ ರುಜು ಹಾಕಿದರು. ಯೂರೋಪೆಲ್ಲ ಅದನ್ನು ಓದಿತು.

ಇಷ್ಟಾದ ಮೇಲೆ ವ್ಯಾಂಪೈರ್ ಇಲ್ಲವೆನ್ನುವುದು ಹೇಗೆ? ರೂಸೋ ಕೂಡ ಇದನ್ನೇ ಎತ್ತಿ ಆಡಿದ್ದಾನೆ: ಅಧಿಕೃತ ವರದಿ, ವೈದ್ಯರ ರುಜು, ಪಾದ್ರಿಗಳ ಸಾಕ್ಷಿ, ನ್ಯಾಯಾಧೀಶರ ಮಾತು, ಯಾವುದಕ್ಕೂ ಕೊರತೆಯಿಲ್ಲ, ಆದರೂ ನಂಬುವವರು ಯಾರು? ವಾಲ್ಟೇರನಂತೂ, ಲಂಡನ್ನಿನಲ್ಲಿ, ಪ್ಯಾರಿಸಿನಲ್ಲಿ ಇಂಥವರ ಸುದ್ದಿಯೇ ಇಲ್ಲ, ಅಲ್ಲಿ ಜನರ ರಕ್ತವನ್ನು ಹಾಡಹಗಲೇ ಹೀರುವ ಷೇರು ದಲ್ಲಾಳಿಗಳೂ ವ್ಯಾಪಾರಸ್ಥರೂ ಇದ್ದಾರೆ, ಅವರು ಸತ್ತವರೇನಲ್ಲ ಎಂದು ಚುಚ್ಚಿದ. ಚೆನ್ನಾದ ಮಾತೇ. ಫ್ರಾನ್ಸಿನಲ್ಲಿ ಕೂತು ಸರ್ಬಿಯಾದ ದೆವ್ವದ ಬಗ್ಗೆ ಆಡಿದ ಮಾತು ಅನ್ನುವುದನ್ನೂ ಮರೆಯಬಾರದು.

ತಂಗಿಯ ಮಗಳಿಗೆ ಹೆಣದ ವಿಜ್ಞಾನವನ್ನು ಊಟದ ಹೊತ್ತಿನಲ್ಲಿ ಹೇಳಲು ಅವಳಮ್ಮ ಬಿಡಲಿಲ್ಲ. ಕೈತೊಳೆದ ಮೇಲೆ ಹೇಳಿದೆ. ಸತ್ತ ಮೈಯೊಳಗೆ ಬ್ಯಾಕ್ಟೀರಿಯಾಗಳು ಅನಿಲ ತುಂಬುತ್ತವೆ, ಹೊಟ್ಟೆ ಉಬ್ಬುತ್ತದೆ. ಮಿಲಿತ್ಸಾ ದಪ್ಪಗಾದದ್ದು ಹಾಗೆ. ಆ ಒತ್ತಡಕ್ಕೆ ಒಳಗಿನ ಕೆಂಗಪ್ಪು ದ್ರವ ಬಾಯಿ, ಮೂಗಿಗೆ ಬರುತ್ತದೆ; ಪೆಟಾರನ ಬಾಯಲ್ಲಿ ಕಂಡ ರಕ್ತ ಅದು. ಚರ್ಮ ಒಣಗಿ ಹಿಂದಕ್ಕೆ ಎಳೆದುಕೊಂಡಾಗ ಉಗುರು, ಗಡ್ಡ ಬೆಳೆದಂತೆ ಕಾಣುತ್ತವೆ. ಎದೆಗೆ ಗೂಟ ಹೊಡೆದರೆ ಒಳಗಿನ ಗಾಳಿ ಗಂಟಲಿನಿಂದ ನುಗ್ಗಿ ಹೆಣ ನರಳಿದಂತೆ ಸದ್ದಾಗುತ್ತದೆ. ಪಾವ್ಲೆಗೆ ಗೂಟ ಹೊಡೆದಾಗ ಅವನು ನರಳಿದ್ದು ಸ್ಪಷ್ಟವಾಗಿ ಕೇಳಿಸಿತೆಂದು ವರದಿಯಲ್ಲಿದೆ. ಪಾಲ್ ಬಾರ್ಬರ್ ಎಂಬ ವಿದ್ವಾಂಸ 1988ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನೆಲ್ಲ ಬಿಡಿಸಿಟ್ಟಿದ್ದಾನೆ. ಹಳ್ಳಿಯವರು ಕಂಡದ್ದು ಸುಳ್ಳಲ್ಲ. ಕಂಡದ್ದನ್ನು ಕಂಡ ಹಾಗೇ ಹೇಳಿದರು. ಮಾಮೂಲಿ ದಿನಗಳಲ್ಲಿ ಗೋರಿಯನ್ನು ಯಾರೂ ಮತ್ತೆ ಅಗೆದು ನೋಡದ ಕಾರಣ, ಸಾಮಾನ್ಯ ಹೆಣ ಹೇಗಿರುತ್ತದೆಂಬುದು ಅವರಿಗೂ ಗೊತ್ತಿರಲಿಲ್ಲ, ಸರ್ಜನ್ನನಿಗೂ ಗೊತ್ತಿರಲಿಲ್ಲ.

"ಅಂದ್ರೆ ಕೊಳೆಯೋದೇ ವ್ಯಾಂಪೈರ್ ಆಗೋದಾ?" ಎಂದಳು ಹುಡುಗಿ.

"ಸರಿಯಾಗಿ ಹೇಳಿದೆ. ಕೊಳೆಯೋದ್ರಲ್ಲೂ ನಾಲ್ಕು ಜನರ ಹಾಗೆ ಕೊಳೀಬೇಕು."

ಲೆಕ್ಕದವರೂ ವ್ಯಾಂಪೈರ್‌ನನ್ನು ಸುಮ್ಮನೆ ಬಿಟ್ಟಿಲ್ಲ. ಕೋಸ್ಟಾಸ್ ಎಫ್ತಿಮಿಯು ಎಂಬ ಭೌತವಿಜ್ಞಾನಿ ಸೋಹಂಗ್ ಗಾಂಧಿ ಎಂಬವರ ಜೊತೆ ಸೇರಿ ಒಂದು ಲೆಕ್ಕ ಹಾಕಿದ. 1600ನೇ ಇಸವಿಯ ಜನವರಿಯಲ್ಲಿ ಜಗತ್ತಿಗೆ ಒಬ್ಬನೇ ವ್ಯಾಂಪೈರ್ ಇದ್ದನೆನ್ನಿ. ತಿಂಗಳಿಗೊಬ್ಬರ ರಕ್ತ ಕುಡಿಯುತ್ತಾನೆ, ಕಚ್ಚಿಸಿಕೊಂಡವನೂ ವ್ಯಾಂಪೈರ್ ಆಗುತ್ತಾನೆ. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಆಗಿನ ಜನಸಂಖ್ಯೆಯನ್ನು ಅವರು ಸುಮಾರು 53 ಕೋಟಿ 68 ಲಕ್ಷವೆಂದು ಹಿಡಿದರು. ಎರಡೂವರೆ ವರ್ಷದಲ್ಲಿ ಮನುಷ್ಯರೆಲ್ಲ ಖಾಲಿ. ಲೆಕ್ಕ ಓದುವ ನಾವಿದ್ದೇವಾದ್ದರಿಂದ ವ್ಯಾಂಪೈರ್ ಇಲ್ಲ. ಕೈಸಾಲ ಮಾಡಿ ಚಕ್ರಬಡ್ಡಿ ಕಟ್ಟಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೂರ್ವ ಯೂರೋಪಿನ ಅಜ್ಜಿಯರು ಇಷ್ಟು ದೂರ ಹೋಗಿರಲಿಲ್ಲ. ವ್ಯಾಂಪೈರ್‌ಗೆ ಎಣಿಸುವ ಚಟವಿದೆ ಎಂದು ಅವರಿಗೆ ಗೊತ್ತಿತ್ತು. ಗೋರಿಯ ಮೇಲೋ ಹೊಸ್ತಿಲ ಬಳಿಯೋ ಗಸಗಸೆಯನ್ನೋ ನವಣೆಯಂಥ ಸಣ್ಣ ಧಾನ್ಯವನ್ನೋ ಚೆಲ್ಲಿದರೆ ಸಾಕು. ಒಂದೊಂದೇ ಕಾಳು ಎಣಿಸುತ್ತ ಕೂತು ಬೆಳಕು ಹರಿಸುತ್ತಾನೆ. ಈ ದಾರಿ ನಮ್ಮ ಕಡೆಗೆ ಬಹಳ ಅನುಕೂಲ. ಒಂದು ಸೇರು ರಾಗಿ ಚೆಲ್ಲಿದರೆ ಯುಗಾದಿಯಿಂದ ಯುಗಾದಿಯವರೆಗೆ ಅವನು ಏಳುವ ಹಾಗಿಲ್ಲ. ಬೆಳ್ಳುಳ್ಳಿಯ ಉಪಾಯ ಮಾತ್ರ ಎಲ್ಲರಿಗೂ ಒಗ್ಗುವುದಿಲ್ಲ. ನಮ್ಮ ಬೀದಿಯಲ್ಲಿ ಬೆಳ್ಳುಳ್ಳಿ ಮುಟ್ಟದ ಮನೆಗಳಿವೆ. ಚಾತುರ್ಮಾಸ್ಯದಲ್ಲಿ ಈರುಳ್ಳಿಯನ್ನೂ ದೂರವಿಡುವವರು ಡ್ರಾಕುಲಾ ಬಂದರೆ ಏನು ಮಾಡಬೇಕೆಂದು ಯಾವ ಗ್ರಂಥವೂ ಹೇಳಿಲ್ಲ.

ರಕ್ತ ಕುಡಿಯುವ ಬಾವಲಿ ಇದೆಯಲ್ಲ ಎಂದಳು ಹುಡುಗಿ. ಇದೆ, ಮೂರು ಜಾತಿ, ಮೂರೂ ಅಮೆರಿಕ ಖಂಡಗಳಲ್ಲಿ, ಮೆಕ್ಸಿಕೊದಿಂದ ಕೆಳಗೆ. ರಾತ್ರಿ ದನದ ಪಕ್ಕ ಇಳಿದು, ಚರ್ಮವನ್ನು ಸಣ್ಣಗೆ ಕೊಯ್ದು, ನೆಕ್ಕಿಕೊಳ್ಳುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಒಂದು ಪ್ರೋಟೀನ್ ಇದೆ. ವಿಜ್ಞಾನಿಗಳು ಅದಕ್ಕೆ ಡ್ರಾಕುಲಿನ್ ಎಂದೇ ನಾಮಕರಣ ಮಾಡಿದ್ದಾರೆ. ಆದರೆ ಹಸಿದು ಬಂದ ಜೊತೆಗಾರನಿಗೆ ಉಂಡು ಬಂದದ್ದು ತಾನು ಕುಡಿದ ರಕ್ತವನ್ನು ಕಕ್ಕಿ ಕೊಡುತ್ತದೆ. ಕೌಂಟ್ ಡ್ರಾಕುಲಾ ಇಷ್ಟು ಧರ್ಮಿಷ್ಠನಾಗಿರಲಿಲ್ಲ. ನಮ್ಮ ಪಾಳುಗುಡಿಗಳಲ್ಲಿ, ಹಳೆಯ ಕೋಟೆಗಳಲ್ಲಿ ನೇತಾಡುವ ಒಂದು ಜಾತಿಯ ಬಾವಲಿಗೂ ಪಾಶ್ಚಾತ್ಯರು ಸುಳ್ಳು ವ್ಯಾಂಪೈರ್ ಎಂಬ ಬಿರುದು ಕೊಟ್ಟಿದ್ದಾರೆ. ಅದು ತಿನ್ನುವುದು ಹುಳುಹುಪ್ಪಟೆ, ಕಪ್ಪೆ, ಇಲಿ. ಯಾರ ರಕ್ತಕ್ಕೂ ಬಾಯಿಹಾಕದ ಬಡಪಾಯಿ ಯಾರದೋ ಊರಿನ ದೆವ್ವದ ಅಪವಾದ ಹೊತ್ತು ತಲೆಕೆಳಗಾಗಿ ನೇತಾಡುತ್ತಿದೆ. ನಮ್ಮ ಬೇತಾಳನ ಕಥೆಯೂ ಇದೇ. ರಿಚರ್ಡ್ ಬರ್ಟನ್ 1870ರಲ್ಲಿ ವಿಕ್ರಮ ಬೇತಾಳರ ಕಥೆಯನ್ನು ಇಂಗ್ಲಿಷಿಗೆ ತಂದಾಗ ಅವನನ್ನೂ ವ್ಯಾಂಪೈರ್ ಪಟ್ಟಿಗೆ ಸೇರಿಸಿಬಿಟ್ಟ. ಚಂದಮಾಮ ಓದಿ ಬೆಳೆದ ಯಾರನ್ನಾದರೂ ಕೇಳಿ, ಆ ಬೇತಾಳ ತಿಂದದ್ದು ವಿಕ್ರಮನ ತಲೆಯನ್ನು ಮಾತ್ರ.

ಇಲ್ಲಿಯವರೆಗೆ ನಾನೂ ವಾಲ್ಟೇರನ ಪಕ್ಷ. ಆದರೆ ಎಕ್ಸೆಟರ್ ಎಂಬ ಊರಿನ ವಿಷಯ ಬಂದಾಗ ನಗು ಅಷ್ಟು ಸಲೀಸಾಗಿ ಬರುವುದಿಲ್ಲ.

ಎಕ್ಸೆಟರ್ ಇರುವುದು ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ. ಜಾರ್ಜ್ ಬ್ರೌನ್ ಅಲ್ಲಿನ ರೈತ. 1883ರಲ್ಲಿ ಅವನ ಹೆಂಡತಿ ಕ್ಷಯದಿಂದ ತೀರಿಕೊಂಡಳು, ಮರುವರ್ಷ ದೊಡ್ಡ ಮಗಳು. ಕೆಲವು ವರ್ಷದ ಮೇಲೆ ಮಗ ಎಡ್ವಿನ್‌ಗೆ ಅದೇ ಕಾಯಿಲೆ. ಹವಾ ಬದಲಾವಣೆಗೆಂದು ಕೊಲರಾಡೊಗೆ ಹೋಗಿ, ಗುಣವಾಗದೆ ವಾಪಸು ಬಂದ. ಅಷ್ಟರಲ್ಲಿ 19 ವರ್ಷದ ಮಗಳು ಮರ್ಸಿ 1892ರ ಜನವರಿಯಲ್ಲಿ ಹೋದಳು. ಸತ್ತವರಲ್ಲಿ ಯಾರೋ ಒಬ್ಬರು ಎಡ್ವಿನ್‌ನನ್ನು ಹೀರುತ್ತಿದ್ದಾರೆ, ಗೋರಿ ತೆಗೆದು ನೋಡಬೇಕು ಎಂದು ನೆರೆಹೊರೆಯವರು ಜಾರ್ಜನಿಗೆ ಗಂಟುಬಿದ್ದರು. ಅವನಿಗೆ ಇದರಲ್ಲಿ ಒಂದಿಷ್ಟೂ ನಂಬಿಕೆಯಿರಲಿಲ್ಲ. ಆಗಿನ ಪತ್ರಿಕೆಗಳೇ ಹಾಗೆ ಬರೆದಿವೆ. ಆದರೂ ಒಪ್ಪಿದ.

ಮಾರ್ಚ್ 17ರಂದು ಮೂರೂ ಹೆಣಗಳನ್ನು ತೆಗೆದರು. ತಾಯಿ, ದೊಡ್ಡ ಮಗಳು ಹೆಚ್ಚುಕಡಿಮೆ ಮೂಳೆಯಾಗಿದ್ದರು. ಚಳಿಗಾಲದ ಎರಡು ತಿಂಗಳು ನೆಲದ ಮೇಲಿನ ಕಲ್ಲಿನ ಕೋಣೆಯಲ್ಲಿದ್ದ ಮರ್ಸಿ ಕೆಟ್ಟಿರಲಿಲ್ಲ. ಹೃದಯದಲ್ಲಿ ರಕ್ತ ಕಂಡಿತು. ಜೊತೆಗಿದ್ದ ಡಾಕ್ಟರು, ಇದರಲ್ಲಿ ಅಸಹಜವಾದದ್ದು ಏನೂ ಇಲ್ಲ, ಶ್ವಾಸಕೋಶದಲ್ಲಿ ಕ್ಷಯದ ಗುರುತಿದೆ ಎಂದು ಸ್ಪಷ್ಟವಾಗಿ ಹೇಳಿದರು. ಊರವರು ಕೇಳಲಿಲ್ಲ. ಹೃದಯವನ್ನೂ ಪಿತ್ತಜನಕಾಂಗವನ್ನೂ ಬಂಡೆಯ ಮೇಲೆ ಸುಟ್ಟು, ಬೂದಿಯನ್ನು ಕಲಸಿ ಎಡ್ವಿನ್‌ಗೆ ಕುಡಿಸಿದರು. ತಂಗಿಯ ಹೃದಯದ ಬೂದಿ ಕುಡಿದ ಅಣ್ಣ ಮೇ ತಿಂಗಳಲ್ಲಿ ಸತ್ತ.

ಇದು ಕತ್ತಲೆಯ ಯುಗದ ಕಥೆಯಲ್ಲ. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ ಅದಕ್ಕೆ ಹತ್ತು ವರ್ಷ ಮುಂಚೆಯೇ, 1882ರಲ್ಲಿ, ಬರ್ಲಿನ್ನಿನಲ್ಲಿ ಎಲ್ಲರ ಮುಂದಿಟ್ಟಿದ್ದ. ಡಾಕ್ಟರಿಗೆ ಕಾಯಿಲೆಯ ಹೆಸರು ಗೊತ್ತಿತ್ತು. ಆದರೆ ಹೆಸರು ಹೇಳಿದ ಮೇಲೆ ಅವರ ಚೀಲದಲ್ಲಿ ಇನ್ನೇನೂ ಇರಲಿಲ್ಲ. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1940ರ ದಶಕದಲ್ಲಿ. ಕಾಯಿಲೆಯ ಹೆಸರು ತಿಳಿಯುವುದಕ್ಕೂ ಅದರ ಮದ್ದು ಸಿಗುವುದಕ್ಕೂ ನಡುವೆ ಅರವತ್ತು ವರ್ಷ. ವ್ಯಾಂಪೈರ್ ಮನೆಮಾಡಿದ್ದು ಆ ಸಂದಿಯಲ್ಲಿ. ಡಾಕ್ಟರು ಹೇಳಿದ್ದು ನಿಜ, ಆದರೆ ಆ ನಿಜವನ್ನು ಕೇಳಿ ಅಪ್ಪನಾದವನು ಮಾಡಬಹುದಾದ ಕೆಲಸ ಒಂದೂ ಇರಲಿಲ್ಲ. ನೆರೆಯವರು ಹೇಳಿದ್ದು ಸುಳ್ಳು, ಆದರೆ ಅದರಲ್ಲಿ ಮಾಡಲು ಕೆಲಸವಿತ್ತು: ಗುದ್ದಲಿ ಹಿಡಿಯಬಹುದಿತ್ತು, ಬೆಂಕಿ ಹೊತ್ತಿಸಬಹುದಿತ್ತು, ಮಗನ ಬಾಯಿಗೆ ಏನನ್ನಾದರೂ ಹಾಕಬಹುದಿತ್ತು. ಊರವರ ಕಾಟ ತಪ್ಪಲಿ ಎಂದು ಒಪ್ಪಿದನೋ, ಯಾವುದಕ್ಕೂ ಇದೊಂದು ಆಗಿಹೋಗಲಿ ಎಂದುಕೊಂಡನೋ, ಅದು ಅವನ ಜೊತೆಗೇ ಹೋಯಿತು.

ಯಾವುದಕ್ಕೂ ಒಂದಿರಲಿ ಎನ್ನುವ ಈ ಧರ್ಮದಲ್ಲಿ ನಾವೇನು ಕಡಿಮೆಯಿಲ್ಲ. ರಾತ್ರಿ ಹೊತ್ತು ಬಾಡೂಟ ಕಟ್ಟಿ ಕಳಿಸುವಾಗ ಡಬ್ಬಿಯ ಮೇಲೆ ಒಂದು ಚೂರು ಇದ್ದಿಲು ಇಡುವುದು ನನ್ನ ತಂಗಿಯ ಅತ್ತೆಯ ಮನೆಯ ಪದ್ಧತಿ. ವಾಸನೆ ಹಿಡಿದು ಗಾಳಿ ಹಿಂದೆ ಬರಬಾರದಲ್ಲ. ಗ್ಯಾಸ್ ಒಲೆ ಬಂದ ಮೇಲೆ ಇದ್ದಿಲಿಗೆ ಬರಗಾಲ. ತಂಗಿ ಈಗ ಒಂದು ಮೊಳೆ ಇಟ್ಟುಕೊಂಡಿದ್ದಾಳೆ. ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಮೊಳೆಯಿಟ್ಟು, ಜಾರದ ಹಾಗೆ ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಾಳೆ. "ಡಬ್ಬಿ ವಾಪಸ್ ಕೊಡುವಾಗ ಮೊಳೆ ಮರೀಬೇಡಿ ಅಣ್ಣ, ಅದೊಂದೇ ಇರೋದು" ಎಂದು ನೆನಪಿಸುತ್ತಾಳೆ. ಆಕೆ ಬ್ಯಾಂಕಿನಲ್ಲಿ ಅಧಿಕಾರಿ. ಇದನ್ನೆಲ್ಲ ನಂಬುತ್ತೀಯಾ ಎಂದರೆ, ಛೇ ಇಲ್ಲಪ್ಪ ಎನ್ನುತ್ತಾಳೆ. ಹಾಗಾದರೆ ಬಿಟ್ಟುಬಿಡು ಎಂದರೆ, ಇಟ್ಟರೆ ನಿಮ್ಮ ಗಂಟೇನು ಹೋಗತ್ತೆ ಎನ್ನುತ್ತಾಳೆ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿದ್ದರು. ರಾತ್ರಿ ಮನೆಯವರ ದನಿಯಲ್ಲೇ ಕರೆದು ಬಾಗಿಲು ತಟ್ಟುವ ದೆವ್ವಕ್ಕೆ ಕೊಟ್ಟ ಉತ್ತರ ಅದು. ದೆವ್ವ ಬಂದು, ಓದಿ, ಸರಿ ಎಂದು ಹೊರಟುಹೋಗಬೇಕು. ಮರುದಿನ ಬಂದರೂ ಬರಹ ಅದೇ. ಸರ್ಕಾರಿ ಕಚೇರಿಗೆ ಅಲೆದು ಅನುಭವವಿದ್ದ ಕನ್ನಡಿಗರಿಗಲ್ಲದೆ ಬೇರೆ ಯಾರಿಗೂ ಇದು ಹೊಳೆಯುವಂಥದ್ದಲ್ಲ. ಬೆಂಗಳೂರಿನಲ್ಲಿದ್ದೂ ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತೆಂಬುದು ಇನ್ನೂ ದೊಡ್ಡ ಪವಾಡ. ಸ್ಟೋಕರ್‌ನ ವ್ಯಾಂಪೈರ್ ಕೂಡ ಮನೆಯವರು ಒಳಗೆ ಕರೆಯದೆ ಮೊದಲ ಸಲ ಹೊಸ್ತಿಲು ದಾಟುವಂತಿಲ್ಲ. ಎಲ್ಲ ಊರಿನ ದೆವ್ವಗಳೂ ಶಿಷ್ಟಾಚಾರ ಬಲ್ಲವು, ಬಾರದೇ ಇರುವುದು ನಂಟರಿಗೆ.

ಯೂರೋಪಿನವರು ಇದನ್ನೆಲ್ಲ ಬಿಟ್ಟು ಬಹಳ ಕಾಲವಾಯಿತು ಎಂದುಕೊಳ್ಳಬೇಡಿ. 1755ರಲ್ಲೇ ಆಸ್ಟ್ರಿಯಾದ ರಾಣಿ ಮರಿಯಾ ಥೆರೇಸಾ ತನ್ನ ವೈದ್ಯ ವಾನ್ ಸ್ವೀಟೆನ್‌ನ ಸಲಹೆಯಂತೆ, ಗೋರಿ ಅಗೆಯುವುದು, ಹೆಣ ಸುಡುವುದು ಕೂಡದೆಂದು ಆಜ್ಞೆ ಹೊರಡಿಸಿದ್ದಳು. ಆಜ್ಞೆ ಕಾಗದದಲ್ಲಿತ್ತು. 2012ರಲ್ಲಿ ಸರ್ಬಿಯಾದ ಜರೋಝ್ಯೆ ಎಂಬ ಹಳ್ಳಿಯಲ್ಲಿ ಒಂದು ಹಳೆಯ ನೀರುಗಿರಣಿ ಕುಸಿಯಿತು. ಸಾವಾ ಸಾವನೊವಿಚ್ ಎಂಬ ಹೆಸರುವಾಸಿ ವ್ಯಾಂಪೈರ್‌ನ ವಾಸಸ್ಥಾನ ಅದು. ಮನೆ ಕಳೆದುಕೊಂಡ ವ್ಯಾಂಪೈರ್ ಬಾಡಿಗೆ ಮನೆ ಹುಡುಕಿಕೊಂಡು ಬಂದಾನೆಂದು ಅಲ್ಲಿನ ಆಡಳಿತವೇ ಜನರಿಗೆ ಬೆಳ್ಳುಳ್ಳಿ ಇಟ್ಟುಕೊಳ್ಳಿ ಎಂದಿತು. ನಗುತ್ತ ಹೇಳಿದರೋ ಗಂಭೀರವಾಗಿ ಹೇಳಿದರೋ, ಬೆಳ್ಳುಳ್ಳಿ ಮಾರುವವರಿಗಂತೂ ಒಳ್ಳೆಯ ಕಾಲ ಬಂತು. 2004ರಲ್ಲಿ ರುಮೇನಿಯಾದ ಒಂದು ಹಳ್ಳಿಯಲ್ಲಿ ಮಾತ್ರ ಇದು ನಗುವ ಮಾತಾಗಿ ಉಳಿಯಲಿಲ್ಲ. ಬಂಧುಗಳೇ ಹೆಣ ತೆಗೆದು, ಹೃದಯ ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ ಕಾಯಿಲೆಯಾಗಿದ್ದವರಿಗೆ ಕುಡಿಸಿದರು. ಎಕ್ಸೆಟರಿನ ಮದ್ದು, ನೂರು ವರ್ಷದ ಮೇಲೆ, ಸಾಗರದ ಈಚೆ. ವ್ಯತ್ಯಾಸವೊಂದೇ: ಇಲ್ಲಿ ಕುಡಿದವರು ಚೇತರಿಸಿಕೊಂಡೆವೆಂದರು. ಪೊಲೀಸರು ಕೇಸು ಹಾಕಿದಾಗ ಊರವರು ನಿಜಕ್ಕೂ ಕಕ್ಕಾಬಿಕ್ಕಿಯಾದರು. ಗುಣವಾಯಿತಲ್ಲ, ಮತ್ತೇನು ತಪ್ಪು? ಹೀಗೆ ಕೇಳಿದರೆ ಕೋರ್ಟು ಏನಾದರೂ ಹೇಳೀತು, ವಿಜ್ಞಾನಕ್ಕೆ ಮಾತ್ರ ತಾಳ್ಮೆಯಿಂದ ಮೊದಲಿನಿಂದ ಶುರುಮಾಡದೆ ಗತಿಯಿಲ್ಲ.

ಕೊನೆಗೂ ಹುಡುಗಿ ಬಿಡಲಿಲ್ಲ. "ಇಷ್ಟೆಲ್ಲ ಹೇಳಿದ್ರಿ ಮಾವ, ಇದೆಯೋ ಇಲ್ವೋ ಒಂದೇ ಮಾತಲ್ಲಿ ಹೇಳಿ. ಪರೀಕ್ಷೇಲಿ ಒಂದು ಅಂಕದ ಪ್ರಶ್ನೆ ಅಂದ್ಕೊಳ್ಳಿ."

ಇಲ್ಲ. ವ್ಯಾಂಪೈರ್ ಇಲ್ಲ. ಇದನ್ನು ಹಗಲು ಹನ್ನೆರಡಕ್ಕೂ ಹೇಳುತ್ತೇನೆ, ರಾತ್ರಿ ಹನ್ನೆರಡಕ್ಕೂ ಹೇಳುತ್ತೇನೆ, ಬೇಕಾದರೆ ಸ್ಟಾಂಪ್ ಪೇಪರಿನ ಮೇಲೆ ರುಜು ಹಾಕಿಯೂ ಕೊಡುತ್ತೇನೆ. ಆದರೆ ಮನೆಯಲ್ಲಿ ಮಕ್ಕಳು ಹಾಸಿಗೆ ಹಿಡಿದಿದ್ದು, ಡಾಕ್ಟರು ಕಾಯಿಲೆಯ ಹೆಸರು ಹೇಳಿ ಚೀಲ ಮುಚ್ಚಿಕೊಂಡು ಹೋದ ಮೇಲೆ ಪಕ್ಕದ ಮನೆಯವರು ಬಂದು ಕಿವಿಯಲ್ಲಿ ಏನಾದರೂ ಹೇಳಿದರೆ, ಜಾರ್ಜ್ ಬ್ರೌನನಿಗಿಂತ ನಾನು ಗಟ್ಟಿಗನೆಂದು ಬರೆದುಕೊಡಲಾರೆ. ಹಾಗೇನಾದರೂ ಆದರೆ ಫ್ರೊಂಬಾಲ್ಡ್ ಸಾಹೇಬರ ಷರಾ ಇದ್ದೇ ಇದೆ: ತಪ್ಪು ನನ್ನದಲ್ಲ, ನೆರೆಹೊರೆಯವರದು.